ಬೆಳಗಿನ ವಾರ್ತೆಗೆ ಒಡೆಯರು ಯಾರು?

ನಮ್ಮ ಪ್ರೌಢಶಾಲೆಯಲ್ಲಿ ಬೆಳಗಿನ ಪ್ರಾರ್ಥನೆ ಮುಗಿದ ಮೇಲೆ ಅಂದಿನ ಮುಖ್ಯ ವಾರ್ತೆಗಳನ್ನು ವಿದ್ಯಾರ್ಥಿಯೊಬ್ಬನಿಂದ ಓದಿಸುವ ಪದ್ಧತಿಯೊಂದು ಬಹುಕಾಲದಿಂದ ನಡೆದುಬಂದಿದೆ. ವಾರ್ತೆಗಳನ್ನು ಮನೆಯಲ್ಲಿ ಕೇಳಿ ಬರೆದುಕೊಂಡು ಬರುವುದು ಮಕ್ಕಳ ಕೆಲಸ. ಕಾಗುಣಿತವನ್ನು ತಿದ್ದುವುದು ನನ್ನ ಕೆಲಸ. ಒಂದು ದಿನ ಸರದಿಯ ಲೆಕ್ಕ ತಪ್ಪಿ ಇಬ್ಬರು ಬರೆದುಕೊಂಡು ಬಂದಿದ್ದರು. ಹುಡುಗಿ ಬಾನುಲಿಯಿಂದ ಬರೆದುಕೊಂಡಿದ್ದಳು. ಅವಳ ಮೊದಲನೆಯ ವಾರ್ತೆ ಜಲಾಶಯದ ನೀರಿನ ಮಟ್ಟ. ಹುಡುಗ ಟೆಲಿವಿಷನ್ನಿನಿಂದ ಬರೆದುಕೊಂಡಿದ್ದನು. ಅವನ ಮೊದಲನೆಯ ವಾರ್ತೆ ಚಿತ್ರನಟಿಯೊಬ್ಬಳ ಮದುವೆ. ನೀರಿನ ಮಾತು ಅವನ ಹಾಳೆಯಲ್ಲಿ ಇರಲೇ ಇಲ್ಲ. “ಸಾರ್, ಬೆಳಗು ಒಂದೇ, ವಾರ್ತೆ ಎರಡು ಹೇಗಾಯಿತು?” ಎಂದು ಹುಡುಗಿ ಕೇಳಿದಳು.

ವ್ಯಾಕರಣದ ಮೇಷ್ಟರಿಗೆ ವ್ಯಾಕರಣವೇ ಮೊದಲು ತೋಚುತ್ತದೆ. ಕನ್ನಡದಲ್ಲಿ ಎಷ್ಟೋ ವಾಕ್ಯಗಳಿಗೆ ಕರ್ತೃಪದವೇ ಇರುವುದಿಲ್ಲ. “ಬಂದರು, ಉಂಡರು, ಹೋದರು” ಎಂದರೆ ಯಾರು ಎಂಬುದನ್ನು ನಾವೇ ಅಧ್ಯಾಹಾರ ಮಾಡಿಕೊಳ್ಳಬೇಕು. ವಾರ್ತೆಯೂ ಹಾಗೆಯೇ, ಓದುವ ದನಿ ಕೇಳಿಸುತ್ತದೆ, ಓದಿಸುವವರು ಕಾಣಿಸುವುದಿಲ್ಲ ಎಂದು ಹೇಳಿ ಅಂದಿಗೆ ಪಾರಾದೆನು. ಆದರೆ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಓದಿಸುವವರು ಬದಲಾದರೆ ವಾರ್ತೆಯೂ ಬದಲಾಗುವುದೆ? ಆಗುವುದಾದರೆ ಎಷ್ಟು? ಇದಕ್ಕೆ ಊಹೆಯ ಉತ್ತರ ಸಾಲದು. ಚರಿತ್ರೆಯ ಉತ್ತರ ಬೇಕು. ಅಂಥ ಉತ್ತರವೊಂದು ಇಂಗ್ಲೆಂಡಿನ ಪ್ರಾತಃಕಾಲದ ಟೆಲಿವಿಷನ್ನಿನ ಕಥೆಯಲ್ಲಿ ದೊರೆಯುತ್ತದೆ. ಅಲ್ಲಿ ಬೆಳಗಿನ ಕೆಲವು ಗಂಟೆಗಳನ್ನು ಮಾತ್ರ ಪ್ರತ್ಯೇಕವಾಗಿ ಒಂದು ಕಂಪೆನಿಗೆ ವಹಿಸಿಕೊಡುವ ಏರ್ಪಾಡಿತ್ತು. ಹೊಲ ಅದೇ, ಹೊತ್ತು ಅದೇ. ಗುತ್ತಿಗೆದಾರ ಬದಲಾದಂತೆಲ್ಲ ಬೆಳೆ ಹೇಗೆ ಬದಲಾಯಿತು ಎಂಬುದನ್ನು ಅಲ್ಲಿ ಸ್ಪಷ್ಟವಾಗಿ ಕಾಣಬಹುದು.

ಬೆಳಗಿನ ಉಪಾಹಾರದ ಹೊತ್ತಿಗೆ ಟೆಲಿವಿಷನ್ ಹಚ್ಚುವ ಅಭ್ಯಾಸವನ್ನು ಬಲವಾಗಿ ಬೇರೂರಿಸಿದವರು ಅಮೆರಿಕದವರು. 1952ರ ಜನವರಿ 14ರಂದು ಅಲ್ಲಿನ ಎನ್.ಬಿ.ಸಿ. ಸಂಸ್ಥೆ ‘ಟುಡೇ’ ಎಂಬ ಕಾರ್ಯಕ್ರಮವನ್ನು ಪ್ರಾರಂಭಿಸಿತು. ಡೇವ್ ಗ್ಯಾರೋವೇ ಎಂಬವರು ಅದರ ನಿರೂಪಕರು. ಮೊದಮೊದಲು ಜಾಹೀರಾತುದಾರರು ಹತ್ತಿರ ಸುಳಿಯಲಿಲ್ಲ. 1953ರಲ್ಲಿ ಜೆ. ಫ್ರೆಡ್ ಮಗ್ಸ್ ಎಂಬ ಚಿಂಪಾಂಜಿ ಮರಿಯನ್ನು ಗ್ಯಾರೋವೇ ಅವರ ಪಕ್ಕದಲ್ಲಿ ಕೂರಿಸಿದ ಮೇಲೆ ಪ್ರೇಕ್ಷಕರು ಬಂದರು; ಅವರ ಹಿಂದೆಯೇ ಜಾಹೀರಾತೂ ಬಂದಿತು. ಬೆಳಗಿನ ವಾರ್ತೆಗೂ ಪ್ರಾಣಿಗಳಿಗೂ ಇರುವ ಈ ನಂಟು ಮುಂದೆ ಇನ್ನೊಮ್ಮೆ ನಮ್ಮೆದುರಿಗೆ ಬರಲಿದೆ.

ಇಂಗ್ಲೆಂಡು ಈ ವಿಷಯದಲ್ಲಿ ನಿಧಾನವಾದ ದೇಶ. ಅಲ್ಲಿ ಎರಡು ಬಗೆಯ ಪ್ರಸಾರವುಂಟು. ಒಂದು ಬಿ.ಬಿ.ಸಿ.; ಅದಕ್ಕೆ ಪ್ರತಿಯೊಂದು ಮನೆಯವರೂ ಕಟ್ಟುವ ಲೈಸೆನ್ಸ್ ಶುಲ್ಕವೇ ಆಧಾರ. ನಮ್ಮಲ್ಲಿಯೂ ಹಿಂದೆ ಅಂಚೆ ಕಚೇರಿಯಲ್ಲಿ ರೇಡಿಯೋ ಲೈಸೆನ್ಸಿಗೆ ಹಣ ಕಟ್ಟಿ ಪುಸ್ತಕಕ್ಕೆ ಮುದ್ರೆ ಹಾಕಿಸಿಕೊಂಡು ಬರುತ್ತಿದ್ದುದು ಹಿರಿಯರಿಗೆ ನೆನಪಿರಬಹುದು. ಇನ್ನೊಂದು, 1955ರಲ್ಲಿ ಪ್ರಾರಂಭವಾದ ಐ.ಟಿ.ವಿ.; ಅದು ಆಗ ಜಾಹೀರಾತಿನಿಂದ ಬದುಕುವ ಖಾಸಗಿ ಕಂಪೆನಿಗಳ ಒಕ್ಕೂಟವಾಗಿತ್ತು. ಈ ಕಂಪೆನಿಗಳಿಗೆ ಅಧಿಕಾರಪತ್ರ ಕೊಡುವುದೂ ತಪ್ಪಿದಾಗ ಎಚ್ಚರಿಸುವುದೂ ಆಗ ಸ್ವತಂತ್ರ ಪ್ರಸಾರ ಪ್ರಾಧಿಕಾರದ ಹೊಣೆಯಾಗಿತ್ತು. ಈ ಪ್ರಾಧಿಕಾರವೇ 1980ರ ಡಿಸೆಂಬರಿನಲ್ಲಿ ಇಡೀ ದೇಶದ ಬೆಳಗಿನ ಹೊತ್ತನ್ನು ಟಿ.ವಿ. ಎ.ಎಂ. ಎಂಬ ಹೊಸ ಕಂಪೆನಿಗೆ ವಹಿಸಿಕೊಟ್ಟಿತು.

ಆ ಕಂಪೆನಿಯ ಮುಂದಾಳು ಪೀಟರ್ ಜೇ; ಪತ್ರಿಕೋದ್ಯಮದಲ್ಲಿ ಅರ್ಥಶಾಸ್ತ್ರವನ್ನು ಬರೆದು ಹೆಸರಾದವರು, ಅಮೆರಿಕದಲ್ಲಿ ಬ್ರಿಟನ್ನಿನ ರಾಯಭಾರಿಯಾಗಿದ್ದವರು. ಅವರೊಡನೆ ಡೇವಿಡ್ ಫ್ರಾಸ್ಟ್, ಮೈಕೆಲ್ ಪಾರ್ಕಿನ್‌ಸನ್, ಆ್ಯಂಜೆಲಾ ರಿಪ್ಪನ್, ಆನಾ ಫೋರ್ಡ್, ರಾಬರ್ಟ್ ಕೀ ಎಂಬ ಐವರು ಪ್ರಸಿದ್ಧ ನಿರೂಪಕರು ಸೇರಿದ್ದರು. ಈ ಐವರೂ ಕೇವಲ ನೌಕರರಲ್ಲ, ಕಂಪೆನಿಯ ಸ್ಥಾಪಕರ ಸಾಲಿನವರು. ಲೋಕದ ಆಗುಹೋಗುಗಳನ್ನು ಜನರಿಗೆ ಬಿಡಿಸಿ ಹೇಳುವುದೇ ತಮ್ಮ ಧ್ಯೇಯವೆಂದು ಪೀಟರ್ ಜೇ ಸಾರಿದ್ದರು. ಲಂಡನ್ನಿನ ಕ್ಯಾಮ್ಡೆನ್ ಭಾಗದಲ್ಲಿದ್ದ ಹಳೆಯ ಮೋಟಾರು ಗ್ಯಾರೇಜೊಂದನ್ನು ವಾಸ್ತುಶಿಲ್ಪಿ ಟೆರಿ ಫ್ಯಾರೆಲ್ ಅವರು ಪ್ರಸಾರಭವನವಾಗಿ ಮಾರ್ಪಡಿಸಿದರು. ಅದರ ಮಾಳಿಗೆಯ ಅಂಚಿನಲ್ಲಿ, ಬೆಳಗಿನ ಉಪಾಹಾರದ ಗುರುತಾಗಿ, ಮೊಟ್ಟೆಯಿಟ್ಟ ಬಟ್ಟಲುಗಳ ದೊಡ್ಡ ಪ್ರತಿಮೆಗಳನ್ನು ಸಾಲಾಗಿ ನಿಲ್ಲಿಸಿದರು.

ತಾನೊಂದು ಬಗೆದರೆ ದೈವವೊಂದು ಬಗೆಯಿತು. ಟಿ.ವಿ. ಎ.ಎಂ. ಪ್ರಸಾರವು 1983ರ ಫೆಬ್ರವರಿ 1ರಂದು ಪ್ರಾರಂಭವಾಗಬೇಕಾಗಿತ್ತು. ಅದಕ್ಕೆ ಎರಡು ವಾರ ಮೊದಲೇ, ಜನವರಿ 17ರಂದು, ಬಿ.ಬಿ.ಸಿ. ತನ್ನ ‘ಬ್ರೇಕ್‌ಫಾಸ್ಟ್ ಟೈಮ್’ ಕಾರ್ಯಕ್ರಮವನ್ನು ಹೊರತಂದಿತು. ಗಂಭೀರವಾಗಿ ಬರುವುದೆಂದು ಎಲ್ಲರೂ ತಿಳಿದಿದ್ದ ಬಿ.ಬಿ.ಸಿ. ಮೆತ್ತನೆಯ ಸೋಫಾ ಹಾಕಿ, ಉಣ್ಣೆಯಂಗಿ ತೊಟ್ಟ ಫ್ರಾಂಕ್ ಬೌ ಅವರನ್ನೂ ಸೆಲೀನಾ ಸ್ಕಾಟ್ ಅವರನ್ನೂ ಕೂರಿಸಿ, ಮನೆಯವರಂತೆ ಮಾತನಾಡಿಸಿತು. ಹಗುರವಾಗಿ ಬರುವುದೆಂದು ತಿಳಿದಿದ್ದ ಖಾಸಗಿ ಕಂಪೆನಿಯೇ ಗಾಂಭೀರ್ಯದ ಮುಖ ಹೊತ್ತು ಬಂದಿತು. ಆರು ಗಂಟೆಯ ಅರೆನಿದ್ರೆಯಲ್ಲಿ ಅರ್ಥಶಾಸ್ತ್ರ ಯಾರಿಗೆ ಬೇಕು? ಪ್ರೇಕ್ಷಕರು ಬಿ.ಬಿ.ಸಿ. ಕಡೆಗೇ ಉಳಿದರು. ಸಾಲದುದಕ್ಕೆ, ಜಾಹೀರಾತಿನಲ್ಲಿ ಅಭಿನಯಿಸುವ ನಟರ ಸಂಭಾವನೆಯ ವಿಷಯವಾಗಿ ನಟರ ಸಂಘಕ್ಕೂ ಜಾಹೀರಾತುದಾರರಿಗೂ ವಿವಾದ ನಡೆಯುತ್ತಿತ್ತು. ಹಾಗಾಗಿ ಜಾಹೀರಾತುಗಳೂ ವಿರಳವಾದುವು. ಆದಾಯವಿಲ್ಲ, ಖರ್ಚು ನಿಲ್ಲಲಿಲ್ಲ. ವಿದ್ಯುತ್ತಿನ ಬಾಕಿಗಾಗಿ ದೀಪ ಆರಿಸುವ ಮಾತಿನವರೆಗೂ ಪ್ರಸಂಗ ಬಂದಿತು.

ಇಲ್ಲಿಂದ ಮುಂದೆ ಒಡೆತನದ ಕೈ ಕಾಣಿಸತೊಡಗುತ್ತದೆ. ಹಣ ಹೂಡಿದವರ ಒತ್ತಾಯಕ್ಕೆ ಮಣಿದು 1983ರ ಮಾರ್ಚಿನಲ್ಲಿ ಪೀಟರ್ ಜೇ ರಾಜೀನಾಮೆ ಕೊಟ್ಟರು. ಆಡಳಿತವು ಮೊದಲು ಜೋನಾಥನ್ ಐಟ್ಕನ್ ಅವರ ಕೈಗೂ, ಬಳಿಕ ಅವರ ಬಂಧು ತಿಮೋತಿ ಐಟ್ಕನ್ ಅವರ ಕೈಗೂ ಬಂದಿತು. ಏಪ್ರಿಲಿನಲ್ಲಿ ರಿಪ್ಪನ್ ಮತ್ತು ಫೋರ್ಡ್ ಇಬ್ಬರನ್ನೂ ಕೆಲಸದಿಂದ ತೆಗೆದುಹಾಕಿದರು. ಸ್ಥಾಪಕರೆಂದು ಬಂದವರು ಎರಡೇ ತಿಂಗಳಲ್ಲಿ ಹೊರಗಾದರು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆ ನೆನಪಾಗುತ್ತದೆ.

ಅನಂತರ ಕಾರ್ಯಕ್ರಮಗಳ ಹೊಣೆ ಹೊತ್ತು ಬಂದವರು ಗ್ರೆಗ್ ಡೈಕ್. ಅದೇ ವಸಂತದಲ್ಲಿ, ಮಕ್ಕಳ ವಿಭಾಗದ ಆನ್ ವುಡ್ ಅವರು ಶಾಲೆಯ ರಜೆಯ ದಿನಗಳಿಗೆಂದು ‘ರೋಲೆಂಡ್ ರ‍್ಯಾಟ್’ ಎಂಬ ಇಲಿಯ ಬೊಂಬೆಯನ್ನು ತಂದಿದ್ದರು. ಇಲಿ ಮಕ್ಕಳನ್ನು ಕರೆತಂದಿತು, ಮಕ್ಕಳು ತಾಯಿತಂದೆಯರನ್ನು ಕರೆತಂದರು. ಡೈಕ್ ಅವರು ಇದರ ಮರ್ಮವನ್ನರಿತು ಆನ್ ಡೈಮಂಡ್ ಮತ್ತು ನಿಕ್ ಓವೆನ್ ಎಂಬ ಸರಳ ಮಾತಿನ ಜೋಡಿಯನ್ನು ಮುಂದೆ ತಂದರು. ರಾಶಿಫಲ, ಬಿಂಗೋ ಆಟ, ಚಿತ್ರತಾರೆಯರ ಸುದ್ದಿ ಇವನ್ನೆಲ್ಲ ಸೇರಿಸಿದರು. ಪ್ರೇಕ್ಷಕರ ಸಂಖ್ಯೆ ಹಲವು ಪಟ್ಟು ಹೆಚ್ಚಿತು. ಮುಳುಗುವ ಹಡಗಿನಿಂದ ಇಲಿಗಳು ಓಡಿಹೋಗುತ್ತವೆ ಎನ್ನುತ್ತಾರೆ. ಇಲ್ಲಿ ಇಲಿಯೇ ಬಂದು ಹಡಗನ್ನು ತೇಲಿಸಿತು ಎಂದು ಆ ದೇಶದವರು ನಗೆಯಾಡಿದರು. ಪಂಡಿತರಾದ ನಾವು ಇದನ್ನು ಕೇಳಿ ಮೂಗು ಮುರಿಯಬೇಕಾಗಿಲ್ಲ. ಕೇಳುವವರಿಲ್ಲದ ಉಪದೇಶ ಉಪದೇಶವಾಗದು ಎಂಬುದು ಮೂವತ್ತು ಹುಡುಗರ ತರಗತಿಯಲ್ಲಿ ಕೊನೆಯ ಪಾಠ ಹೇಳಿದ ಯಾರಿಗಾದರೂ ಗೊತ್ತು.

1984ರಲ್ಲಿ ಮತ್ತೊಂದು ತಿರುವು. ಆಸ್ಟ್ರೇಲಿಯದ ಪತ್ರಿಕೋದ್ಯಮಿ ಕೆರಿ ಪ್ಯಾಕರ್ ಅವರ ಸಂಸ್ಥೆ ಈ ಕಂಪೆನಿಯಲ್ಲಿ ಹಣ ಹೂಡಿತ್ತು. 1977ರಲ್ಲಿ ಕ್ರಿಕೆಟ್ ಆಟಗಾರರನ್ನು ಕೊಂಡುಕೊಂಡು ಪ್ರತ್ಯೇಕ ಪಂದ್ಯಗಳನ್ನು ನಡೆಸಿದ ಪ್ಯಾಕರ್ ಇವರೇ. ಆ ಕಡೆಯಿಂದ ಬ್ರೂಸ್ ಗಿಂಜೆಲ್ ಎಂಬವರು ಆಡಳಿತಕ್ಕೆ ಬಂದರು. 1956ರಲ್ಲಿ ಸಿಡ್ನಿ ನಗರದಲ್ಲಿ ಟೆಲಿವಿಷನ್ ಪ್ರಾರಂಭವಾದಾಗ ತೆರೆಯ ಮೇಲೆ ಕಾಣಿಸಿಕೊಂಡು ಜನರನ್ನು ಸ್ವಾಗತಿಸಿದವರು ಈ ಗಿಂಜೆಲ್. ಅವರು ಬಂದ ಮೇಲೆ ಡೈಕ್ ಹೊರಟುಹೋದರು. ಖರ್ಚಿನ ಒಂದೊಂದು ಕಾಸನ್ನೂ ಹಿಡಿದು ಎಣಿಸುವ ಕಾಲ ಬಂದಿತು.

ಆ ಎಣಿಕೆಯ ಫಲ ಅದೇ ವರ್ಷ ಅಕ್ಟೋಬರ್ 12ರ ಮುಂಜಾವಿನಲ್ಲಿ ತಿಳಿಯಿತು. ಬ್ರೈಟನ್ ಪಟ್ಟಣದಲ್ಲಿ ಆಳುವ ಪಕ್ಷದ ಸಮ್ಮೇಳನ ನಡೆಯುತ್ತಿತ್ತು. ಪ್ರಧಾನಮಂತ್ರಿ ಮಾರ್ಗರೆಟ್ ಥ್ಯಾಚರ್ ಅವರು ತಂಗಿದ್ದ ಹೋಟೆಲಿನಲ್ಲಿ ಐರಿಷ್ ಉಗ್ರವಾದಿಗಳು ಇರಿಸಿದ್ದ ಬಾಂಬು ನಸುಕಿನಲ್ಲಿ ಸಿಡಿಯಿತು; ಐವರು ಸತ್ತರು. ಬೆಳಗಿನ ವಾರ್ತೆಗಾಗಿಯೇ ಹುಟ್ಟಿದ ಕಂಪೆನಿಗೆ ಇದಕ್ಕಿಂತ ದೊಡ್ಡ ಬೆಳಗಿನ ವಾರ್ತೆ ಇನ್ನೊಂದಿರಲಾರದು. ಬಿ.ಬಿ.ಸಿ. ತೆರೆಯ ಮೇಲೆ ಮುರಿದ ಗೋಡೆಗಳೂ, ಅವಶೇಷದಡಿಯಿಂದ ಜನರನ್ನು ಎತ್ತುವ ದೃಶ್ಯಗಳೂ ಬರುತ್ತಿದ್ದುವು. ಟಿ.ವಿ. ಎ.ಎಂ. ತೆರೆಯ ಮೇಲೆ ಇದ್ದುದು ಟೆಲಿಫೋನಿನಲ್ಲಿ ಮಾತನಾಡುವ ವರದಿಗಾರನ ದನಿ ಮಾತ್ರ. ರಾತ್ರಿ ತಂಗಿಸಿದರೆ ಹೋಟೆಲಿನ ಬಾಡಿಗೆ ಬೀಳುವುದೆಂದು ಛಾಯಾಗ್ರಾಹಕರ ತಂಡವನ್ನು ಮನೆಗೆ ಕಳುಹಿಸಿಬಿಟ್ಟಿದ್ದರು. ಪ್ರಸಾರ ಪ್ರಾಧಿಕಾರವು ಕಣ್ಣು ಕೆಂಪಗೆ ಮಾಡಿತು. ವಾರ್ತಾವಿಭಾಗಕ್ಕೆ ಹಣ ಹಾಕಿ, ಇಲ್ಲವಾದರೆ ಅಧಿಕಾರಪತ್ರ ಹೋದೀತು ಎಂದು ಎಚ್ಚರಿಸಿತು. ಈ ಎಚ್ಚರಿಕೆ ಬರದಿದ್ದರೆ ವಾರ್ತೆಯ ಗತಿ ಏನಾಗುತ್ತಿತ್ತೋ ಹೇಳುವುದು ಕಷ್ಟ.

1986ರಲ್ಲಿ ಕಂಪೆನಿಯ ಷೇರುಗಳನ್ನು ಸಾರ್ವಜನಿಕರಿಗೆ ಮಾರಲಾಯಿತು. ಈಗ ಲಾಭವನ್ನು ಕಾದು ಕುಳಿತ ಒಡೆಯರು ಸಾವಿರಾರು ಮಂದಿ. 1987ರ ನವೆಂಬರಿನಲ್ಲಿ ತಂತ್ರಜ್ಞರ ಸಂಘವು ಒಂದು ದಿನದ ಮುಷ್ಕರ ಹೂಡಿದಾಗ ಗಿಂಜೆಲ್ ಅವರು ಬಾಗಿಲು ಮುಚ್ಚಿ ಅವರನ್ನು ಒಳಕ್ಕೆ ಬಿಡಲಿಲ್ಲ. ಗುಮಾಸ್ತರೂ ಅಧಿಕಾರಿಗಳೂ ಕ್ಯಾಮೆರಾ ಹಿಡಿದರು. ವಾರ್ತೆ, ಸಂದರ್ಶನಗಳ ಜಾಗದಲ್ಲಿ ‘ಬ್ಯಾಟ್‌ಮನ್’, ‘ಫ್ಲಿಪರ್’ ಮೊದಲಾದ ಅಮೆರಿಕದ ಹಳೆಯ ಚಿತ್ರಮಾಲಿಕೆಗಳು ಓಡಿದುವು. ವಿಚಿತ್ರವೆಂದರೆ, ಜನ ಅವನ್ನೂ ನೋಡಿದರು. 1988ರ ಫೆಬ್ರವರಿಯಲ್ಲಿ ಇನ್ನೂರಕ್ಕೂ ಹೆಚ್ಚು ತಂತ್ರಜ್ಞರನ್ನು ವಜಾ ಮಾಡಲಾಯಿತು. ಕಂಪೆನಿಯ ಲಾಭ ಏರಿತು. ಮಾಲೀಕನಿಗೆ ಅದು ಗೆಲುವು. ಆ ಮನೆಗಳಲ್ಲಿ ಅಂದಿನ ಉಪಾಹಾರದ ಹೊತ್ತು ಹೇಗಿದ್ದಿರಬಹುದೆಂದು ಯಾವ ತೆರೆಯೂ ತೋರಿಸಲಿಲ್ಲ.

ಥ್ಯಾಚರ್ ಅವರ ಸರಕಾರಕ್ಕೆ ಗಿಂಜೆಲ್ ಅವರ ಈ ದೃಢತೆ ಮೆಚ್ಚುಗೆಯಾಗಿತ್ತು. ಆದರೆ ವಿಧಿಯ ವಿನೋದ ನೋಡಿ. ಅದೇ ಸರಕಾರ ತಂದ 1990ರ ಪ್ರಸಾರ ಕಾನೂನಿನಂತೆ, ಗುಣಮಟ್ಟದ ಪರೀಕ್ಷೆಯಲ್ಲಿ ತೇರ್ಗಡೆಯಾದವರ ಪೈಕಿ ಹೆಚ್ಚು ಹಣ ಕೂಗಿದವರಿಗೆ ಪ್ರಸಾರದ ಹಕ್ಕು ಸಲ್ಲಬೇಕಾಗಿತ್ತು. ನಮ್ಮೂರುಗಳಲ್ಲಿ ಸಂತೆಯ ಸುಂಕವನ್ನು ಹರಾಜು ಹಾಕುವಂತೆ, ಆದರೆ ಮುಚ್ಚಿದ ಲಕೋಟೆಯಲ್ಲಿ. 1991ರ ಅಕ್ಟೋಬರ್ 16ರಂದು ಫಲಿತಾಂಶ ಹೊರಬಂದಿತು. ಟಿ.ವಿ. ಎ.ಎಂ. ವರ್ಷಕ್ಕೆ ಸುಮಾರು 1 ಕೋಟಿ 41 ಲಕ್ಷ ಪೌಂಡು ಬರೆದಿತ್ತು. ‘ಡೇಬ್ರೇಕ್’ ಎಂಬ ತಂಡ ಸುಮಾರು 3 ಕೋಟಿ 32 ಲಕ್ಷ, ‘ಸನ್‌ರೈಸ್’ ಎಂಬ ತಂಡ ಸುಮಾರು 3 ಕೋಟಿ 46 ಲಕ್ಷ ಬರೆದಿದ್ದುವು. ಹಕ್ಕು ಸನ್‌ರೈಸ್ ಪಾಲಾಯಿತು. ಅಷ್ಟರಲ್ಲಿ ಅಧಿಕಾರದಿಂದ ಇಳಿದಿದ್ದ ಥ್ಯಾಚರ್ ಅವರು ಗಿಂಜೆಲ್ ಅವರಿಗೆ ಕಾಗದ ಬರೆದು, ಈ ಕಾನೂನಿಗೆ ತಾವೇ ಹೊಣೆಯೆಂಬುದು ತಮಗೆ ನೋವು ತಂದಿದೆಯೆಂದು ತಿಳಿಸಿದರು. ಗಿಂಜೆಲ್ ಅದನ್ನು ಎಲ್ಲರೆದುರಿಗೆ ಓದಿ ಹೇಳಿದರು.

ಹೋಗುವ ಒಡೆಯನಿಗೆ ಹೊಲಕ್ಕೆ ಗೊಬ್ಬರ ಹಾಕುವ ಮನಸ್ಸೆಲ್ಲಿ? 1992ರಲ್ಲಿ ಟಿ.ವಿ. ಎ.ಎಂ. ತನ್ನ ಸ್ವಂತ ವಾರ್ತಾವಿಭಾಗವನ್ನು ಮುಚ್ಚಿ, ವಾರ್ತೆಯನ್ನು ಸ್ಕೈ ಸಂಸ್ಥೆಯಿಂದ ಗುತ್ತಿಗೆಗೆ ತರಿಸಿಕೊಂಡಿತು. ಡಿಸೆಂಬರ್ 31ರಂದು ಅದರ ದೀಪ ಆರಿತು. ಮರುದಿನ, 1993ರ ಜನವರಿ 1ರಂದು, ಸನ್‌ರೈಸ್ ತಂಡವು ಜಿ.ಎಂ.ಟಿ.ವಿ. ಎಂಬ ಹೊಸ ಹೆಸರಿನಲ್ಲಿ ಪ್ರಸಾರ ಪ್ರಾರಂಭಿಸಿತು.

ಹೊಸ ಕಂಪೆನಿಯ ಒಡೆಯರಲ್ಲಿ ಲಂಡನ್ನಿನ ಎಲ್.ಡಬ್ಲ್ಯು.ಟಿ., ಸ್ಕಾಟ್‌ಲೆಂಡಿನ ಟೆಲಿವಿಷನ್ ಕಂಪೆನಿ, ಗಾರ್ಡಿಯನ್ ಪತ್ರಿಕೆಯ ಬಳಗ ಮತ್ತು ಅಮೆರಿಕದ ಡಿಸ್ನಿ ಸಂಸ್ಥೆ ಸೇರಿದ್ದುವು. ಎಲ್.ಡಬ್ಲ್ಯು.ಟಿ.ಯ ಆಗಿನ ಮುಖ್ಯಾಧಿಕಾರಿ ಬೇರಾರೂ ಅಲ್ಲ, ಹಿಂದೆ ಟಿ.ವಿ. ಎ.ಎಂ. ಬಿಟ್ಟು ಹೋಗಿದ್ದ ಗ್ರೆಗ್ ಡೈಕ್. ಒಡೆಯರ ಗುರುತು ಕಾರ್ಯಕ್ರಮದ ಮೇಲೆ ಬೀಳುವುದಕ್ಕೆ ತಡವಾಗಲಿಲ್ಲ. ಡಿಸ್ನಿ ಪಾಲುದಾರನಾದ ಮನೆಯಲ್ಲಿ ವಾರದ ಕೊನೆಯ ಬೆಳಗುಗಳಲ್ಲಿ ಡಿಸ್ನಿಯ ವ್ಯಂಗ್ಯಚಿತ್ರಗಳು ಬಂದುವು. ಮುಖ್ಯವಾದ ಮಾತೆಂದರೆ, ಒಬ್ಬ ವರದಿಗಾರನಿಗೆ ಸಂಬಳ ಕೊಡುವುದಕ್ಕೂ ಮೊದಲು ಹರಾಜಿನ ಮೂರೂವರೆ ಕೋಟಿಯಷ್ಟು ಹಣವನ್ನು ಪ್ರತಿವರ್ಷ ತೆಗೆದಿಡಬೇಕಾಗಿತ್ತು. ಆದುದರಿಂದ ಜಾಹೀರಾತಿಗೆ ಒಗ್ಗುವ ಹಗುರವಾದ ಮಾತು, ಮನೆವಾರ್ತೆ, ತಾರೆಯರ ಸಂದರ್ಶನ ಇವೇ ಆ ಬೆಳಗಿನ ಬೆನ್ನೆಲುಬಾದುವು.

ಹಣ ತರುವ ಇನ್ನೊಂದು ದಾರಿ ಟೆಲಿಫೋನ್ ಸ್ಪರ್ಧೆ. ಪ್ರೇಕ್ಷಕನು ತನ್ನ ಖರ್ಚಿನಲ್ಲಿ ಕರೆಮಾಡಿ ಉತ್ತರ ಹೇಳಬೇಕು, ಗೆದ್ದವನಿಗೆ ಬಹುಮಾನ. ಗೆಲ್ಲಬಹುದಾದವರ ಪಟ್ಟಿಯನ್ನು ಮೊದಲೇ ಆರಿಸಿಬಿಟ್ಟು, ಆಮೇಲೆಯೂ ಜನರಿಂದ ಕರೆಗಳನ್ನು ಸ್ವೀಕರಿಸುತ್ತಿದ್ದ ಸಂಗತಿ 2007ರಲ್ಲಿ ಬಯಲಾಯಿತು. ಪ್ರಸಾರದ ಮೇಲ್ವಿಚಾರಣೆಯ ಸಂಸ್ಥೆಯಾದ ಆಫ್‌ಕಾಮ್ ಆ ವರ್ಷ ಜಿ.ಎಂ.ಟಿ.ವಿ.ಗೆ 20 ಲಕ್ಷ ಪೌಂಡು ದಂಡ ವಿಧಿಸಿತು. ವಾರ್ತೆಯನ್ನು ನಂಬಿ ಬೆಳಗ್ಗೆ ಬಾಗಿಲು ತೆರೆದ ಮನೆಯವರಿಗೆ ಆ ಸಲಿಗೆಯಲ್ಲೇ ಮೋಸವಾಗಿತ್ತು.

2009ರ ನವೆಂಬರಿನಲ್ಲಿ ಐ.ಟಿ.ವಿ. ಕಂಪೆನಿಯು ಡಿಸ್ನಿಯ ಬಳಿ ಉಳಿದಿದ್ದ ಶೇಕಡ 25ರ ಪಾಲನ್ನೂ ಕೊಂಡು ಬೆಳಗಿನ ಹೊತ್ತಿಗೆ ಏಕೈಕ ಒಡೆಯನಾಯಿತು. ಜಿ.ಎಂ.ಟಿ.ವಿ. ಎಂಬ ಹೆಸರು 2010ರ ಸೆಪ್ಟೆಂಬರ್ 3ರಂದು ಕಣ್ಮರೆಯಾಯಿತು. ಸೆಪ್ಟೆಂಬರ್ 6ರಂದು ‘ಡೇಬ್ರೇಕ್’ ಎಂಬ ಹೊಸ ಕಾರ್ಯಕ್ರಮ ಬಂದಿತು; ಅದಕ್ಕಾಗಿ ಬಿ.ಬಿ.ಸಿ.ಯಿಂದ ಏಡ್ರಿಯನ್ ಚೈಲ್ಸ್ ಮತ್ತು ಕ್ರಿಸ್ಟೀನ್ ಬ್ಲೀಕ್ಲಿ ಅವರನ್ನು ಕರೆಸಿಕೊಂಡಿದ್ದರು. ಪ್ರೇಕ್ಷಕರು ಒಲಿಯಲಿಲ್ಲ; 2011 ಮುಗಿಯುವುದರೊಳಗೆ ಇಬ್ಬರೂ ಹೊರನಡೆದರು. 2014ರ ಏಪ್ರಿಲ್ 28ರಂದು ‘ಗುಡ್ ಮಾರ್ನಿಂಗ್ ಬ್ರಿಟನ್’ ಎಂಬ ಹೆಸರು ಮರಳಿ ಬಂದಿತು. ಅದು 1983ರ ಟಿ.ವಿ. ಎ.ಎಂ. ಕಾಲದ ಹೆಸರೇ. 2025ರಲ್ಲಿ ಐ.ಟಿ.ವಿ. ಹಗಲಿನ ಕಾರ್ಯಕ್ರಮಗಳ ಖರ್ಚನ್ನು ಕಡಿತಗೊಳಿಸುವುದಾಗಿ ಪ್ರಕಟಿಸಿ, ಬೆಳಗಿನ ಈ ಕಾರ್ಯಕ್ರಮವನ್ನು ತನ್ನ ವಾರ್ತಾವಿಭಾಗದ ಜೊತೆಗೆ ಸೇರಿಸಲು ನಿಶ್ಚಯಿಸಿತು.

ಇಷ್ಟನ್ನೆಲ್ಲ ನೋಡಿದ ಮೇಲೆ, ಎಲ್ಲಕ್ಕೂ ಒಡೆತನವೇ ಕಾರಣವೆಂದು ಹೇಳಿಬಿಡಬಹುದೆ? ಅವಸರ ಸಲ್ಲದು. ಬಿ.ಬಿ.ಸಿ.ಯ ಒಡೆತನ ಈ ಅವಧಿಯಲ್ಲಿ ಬದಲಾಗಲೇ ಇಲ್ಲ. ಆದರೂ ಅದರ ಬೆಳಗು ಬದಲಾಯಿತು. ಸೋಫಾದ ಮೇಲೆ ಪ್ರಾರಂಭವಾದ ಕಾರ್ಯಕ್ರಮ 1989ರಲ್ಲಿ ಬಿಗಿಯಾದ ‘ಬ್ರೇಕ್‌ಫಾಸ್ಟ್ ನ್ಯೂಸ್’ ಆಯಿತು. ಎದುರಾಳಿ, ಕಾಲಧರ್ಮ, ಜನರ ರುಚಿ ಇವೂ ಕಾರಣಗಳೇ. ಒಡೆತನದ ಪ್ರಭಾವ ಕಾಣಿಸುವುದು ಇನ್ನೊಂದು ಕಡೆ. ಹಣದ ಮುಗ್ಗಟ್ಟು ಬಂದಾಗ ಮೊದಲು ಯಾವುದನ್ನು ಕೈಬಿಡುತ್ತಾರೆ, ಕೊನೆಯವರೆಗೆ ಯಾವುದನ್ನು ಉಳಿಸಿಕೊಳ್ಳುತ್ತಾರೆ ಎಂಬಲ್ಲಿ ಒಡೆಯನ ಮನಸ್ಸು ತಿಳಿಯುತ್ತದೆ. ಬ್ರೈಟನ್ನಿನ ರಾತ್ರಿ ಕೈಬಿಟ್ಟುದು ಹೋಟೆಲಿನ ಬಾಡಿಗೆಯೊಂದನ್ನು. ಅದರ ಜೊತೆಗೆ ಹೋದದ್ದು ವಾರ್ತೆ. ಇಲಿಯ ಬೊಂಬೆ ವಾರ್ತೆಯನ್ನು ಕೆಡಿಸಲಿಲ್ಲ. ಇಲಿ ಇದ್ದರೂ ವಾರ್ತೆಗೆ ಜಾಗವಿತ್ತು. ಕೆಡಿಸಿದುದು ವರದಿಗಾರನ ಮೇಲೆ ಹಾಕುವ ಹಣ ದಂಡವೆಂಬ ಲೆಕ್ಕ. ಆ ಲೆಕ್ಕವನ್ನು ತಡೆದುದು ಒಡೆಯರಲ್ಲ, ಒಡೆಯರ ಮೇಲೆ ಕಣ್ಣಿಟ್ಟಿದ್ದ ಪ್ರಾಧಿಕಾರ.

ನಮ್ಮ ಬಾನುಲಿಗೂ ಒಡೆತನದ ಕಥೆಯುಂಟು. 1935ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ‘ಆಕಾಶವಾಣಿ’ಯನ್ನು ಪ್ರಾರಂಭಿಸಿದರು. ಒಬ್ಬರ ಹುಮ್ಮಸ್ಸಿನಿಂದ ಹುಟ್ಟಿದುದು ಮುಂದೆ ಮೈಸೂರು ಸಂಸ್ಥಾನದ ಕೈಗೆ, 1950ರಲ್ಲಿ ಭಾರತ ಸರಕಾರದ ಕೈಗೆ ಬಂದಿತು. ವ್ಯಾಪ್ತಿ ಹೆಚ್ಚಿತು, ಆದರೆ 1955ರಲ್ಲಿ ಕೇಂದ್ರವೇ ಬೆಂಗಳೂರಿಗೆ ಹೋಯಿತು. 1997ರಲ್ಲಿ ಪ್ರಸಾರ ಭಾರತಿ ಎಂಬ ನಿಗಮ ಏರ್ಪಟ್ಟು ಆಕಾಶವಾಣಿ, ದೂರದರ್ಶನಗಳೆರಡೂ ಅದರ ಕೆಳಗೆ ಸೇರಿದುವು. ಒಂದು ಕೈಯಿಂದ ಇನ್ನೊಂದು ಕೈಗೆ ಹೋಗುವಾಗ ಬರುವುದೂ ಉಂಟು, ಕಳೆಯುವುದೂ ಉಂಟು. ಎರಡನ್ನೂ ಲೆಕ್ಕವಿಡುವುದು ಕೇಳುವವರ ಕೆಲಸ. ಒಡೆಯರ ಲೆಕ್ಕದಲ್ಲಿ ಕಳೆದುದು ಬರೆಯಲ್ಪಡುವುದಿಲ್ಲ.

ಈಗ ನಮ್ಮ ಶಾಲೆಯ ವಾರ್ತೆಯ ಪದ್ಧತಿಯಲ್ಲಿ ಸಣ್ಣದೊಂದು ಮಾರ್ಪಾಟು ಮಾಡಿದ್ದೇನೆ. ಪ್ರತಿದಿನ ಇಬ್ಬರು ಮಕ್ಕಳು ಬೇರೆ ಬೇರೆ ಕಡೆಯಿಂದ ವಾರ್ತೆ ಬರೆದುಕೊಂಡು ಬರಬೇಕು. ಎಲ್ಲಿ ಕೇಳಿದ್ದು, ಅದು ಯಾರದು ಎಂಬುದನ್ನು ಹಾಳೆಯ ತಲೆಯ ಮೇಲೆ ಬರೆಯಬೇಕು. ಎರಡನ್ನೂ ಓದಿದ ಮೇಲೆ, ಒಂದರಲ್ಲಿದ್ದು ಇನ್ನೊಂದರಲ್ಲಿ ಇಲ್ಲದ ವಾರ್ತೆ ಯಾವುದೆಂದು ಉಳಿದವರು ಹೇಳಬೇಕು. ಮೊದಲ ವಾರ ಯಾರೂ ಹೇಳಲಿಲ್ಲ. ಎರಡನೆಯ ವಾರ ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು ನಿಂತು, “ಸಾರ್, ಇಬ್ಬರ ಹಾಳೆಯಲ್ಲೂ ನಮ್ಮೂರ ಮಾತು ಇಲ್ಲ” ಎಂದನು. ನಾನು ಕೇಳದಿದ್ದ ಉತ್ತರ ಅದು. ಆದರೆ ಸರಿಯಾದ ಉತ್ತರವೇ. ಅಂದು ಅವನಿಂದಲೇ ಊರಿನ ವಾರ್ತೆಯೊಂದನ್ನು ಹೇಳಿಸಿ, ಹಲಗೆಯ ಮೇಲೆ ಮೂರನೆಯ ಸಾಲಾಗಿ ಬರೆಸಿದೆನು.